ಬೀದಿಯ ರ‍್ಯಾಪ್: ಯಾವ ಊರಿನ ಆಲ್ಬಂನಿಂದ ಶುರು ಮಾಡೋದು?

2024ರ ಜುಲೈನಲ್ಲಿ ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' ಅನ್ನುವ ರ‍್ಯಾಪ್ ಹಾಡು ಬಂದ ಮೇಲೆ ನಮ್ಮ ಮನೆಯಲ್ಲೊಂದು ಬದಲಾವಣೆ ಆಯಿತು. ರ‍್ಯಾಪ್ ಅಂದರೆ ಗಡಿಬಿಡಿಯಲ್ಲಿ ಬೈಯುವುದು ಎನ್ನುತ್ತಿದ್ದ ಭಾವ, ಒಂದು ಭಾನುವಾರ ಊಟದ ಹೊತ್ತಿಗೆ ನನ್ನನ್ನೇ ಕೇಳಿದರು. "ಈ ಥರದ್ದು ಇನ್ನೇನಾದ್ರೂ ಇದ್ಯಾ?" ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ತಮ್ಮನೂ ಅದನ್ನೇ ಕೇಳಿದ. ಹಲಸೂರಿನಲ್ಲಿ ಬೆಳೆದ ಆಫೀಸಿನ ಗೆಳತಿಯೂ ಕೇಳಿದಳು. ನಾನು ಹಿಂದೆಮುಂದೆ ನೋಡದೆ ಮೂವರಿಗೂ ಒಂದೇ ಆಲ್ಬಂ ಕಳಿಸಿದೆ. ದೆಹಲಿಯ ಪ್ರಭ್ ದೀಪ್ ಅವರ ಪಂಜಾಬಿ ಆಲ್ಬಂ 'ಕ್ಲಾಸ್-ಸಿಖ್'. ನನಗೆ ಪ್ರಾಣ ಅದು. ಮೂವರೂ ಮೂರನೇ ಹಾಡಿಗೆ ನಿಲ್ಲಿಸಿದರು.

ಆಲ್ಬಂನಲ್ಲಿ ಏನೂ ತಪ್ಪಿರಲಿಲ್ಲ. ಯಾರಿಗೆ ಏನು ಕೊಡಬೇಕು ಅಂತ ನಾನು ಯೋಚಿಸಿರಲಿಲ್ಲ, ಅಷ್ಟೇ. ಆಮೇಲೆ ಕೂತು ಯೋಚಿಸಿದೆ. 2017ರಿಂದ 2025ರ ನಡುವೆ ಬಂದ ಆಲ್ಬಂಗಳಲ್ಲಿ ನಾನು ಮತ್ತೆ ಮತ್ತೆ ಕೇಳುವಂಥವನ್ನು ತೆಗೆದು ಪಕ್ಕಪಕ್ಕ ಇಟ್ಟೆ. ದೆಹಲಿ, ಮುಂಬೈ, ಪುಣೆ, ಅರಕ್ಕೋಣಂ, ಶ್ರೀನಗರ, ಕೇರಳ. ಇವುಗಳಲ್ಲಿ ಯಾವುದು ಶ್ರೇಷ್ಠ ಅನ್ನುವ ಜಗಳ ನನಗೆ ಬೇಡ. ನಿಮ್ಮ ಕಿವಿಗೆ ಯಾವುದು ಹತ್ತಿರ ಅನ್ನುವುದಷ್ಟೇ ಇಲ್ಲಿನ ಲೆಕ್ಕ.

ಕನ್ನಡದ ಆಲ್ಬಂ ಯಾಕಿಲ್ಲ ಅಂತ ಕೇಳುತ್ತೀರಿ, ಗೊತ್ತು. ಕನ್ನಡ ರ‍್ಯಾಪ್ ಹೆಚ್ಚಾಗಿ ಬದುಕುತ್ತಿರುವುದು ಬಿಡಿ ಹಾಡುಗಳಲ್ಲಿ, ಸಿನಿಮಾದಲ್ಲಿ. ಚಂದನ್ ಶೆಟ್ಟಿಯವರ '3 ಪೆಗ್' ಮದುವೆ ಮನೆಯಲ್ಲೂ ಕೇಳಿದ್ದೇವೆ. ಆಲ್ ಓಕೆ, ರಾಹುಲ್ ಡಿಟ್ಟೋ ಹೆಸರು ಕಾಲೇಜು ಹುಡುಗರಿಗೆಲ್ಲ ಗೊತ್ತು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಬ್ರೋಧಾ ವಿ, ಸ್ಮೋಕಿ ಇದ್ದ 'ಮಚ್ಚಾಸ್ ವಿತ್ ಆ್ಯಟಿಟ್ಯೂಡ್' ತಂಡ ಇತ್ತು. ಅವರದು ಹೆಚ್ಚಾಗಿ ಇಂಗ್ಲಿಷ್. ಆದರೆ ಮೊದಲಿಂದ ಕೊನೆಯವರೆಗೆ ಒಂದೇ ಬೀದಿಯಲ್ಲಿ ನಡೆಸಿಕೊಂಡು ಹೋಗುವ ಕನ್ನಡದ ಆಲ್ಬಂ, "ತಗೋ, ಕೇಳು" ಅಂತ ಇನ್ನೊಬ್ಬರ ಕೈಗೆ ಕೊಡುವಂಥದ್ದು, ನನಗಿನ್ನೂ ಸಿಕ್ಕಿಲ್ಲ. ಸಿಕ್ಕ ದಿನ ಈ ಪಟ್ಟಿಯ ತಲೆಯ ಮೇಲೆ ಅದನ್ನೇ ಕೂರಿಸುತ್ತೇನೆ.

ಆರಿಸುವ ಮೊದಲು ಎರಡು ಪ್ರಶ್ನೆ

ಮೊದಲನೆಯದು: ಯಾವ ಭಾಷೆ ನಿಮಗೆ ಅರ್ಧವಾದರೂ ಸಿಗುತ್ತದೆ? ಪೂರ್ತಿ ಅರ್ಥವಾಗಲಿ ಅಂತ ಕಾಯಬೇಡಿ. ಚಿಕ್ಕಂದಿನಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಇದು ಗೊತ್ತು. ಅರ್ಥಗಾರಿಕೆ ಅರ್ಧ ತಲೆಯ ಮೇಲೆ ಹಾರಿಹೋದರೂ ಭಾಗವತರ ದನಿ ಏರಿದ ಕೂಡಲೇ ಯುದ್ಧ ಬಂತು ಅಂತ ತಿಳಿಯುತ್ತಿತ್ತು. ರ‍್ಯಾಪ್ ಕೂಡ ಹಾಗೇ. ಅರ್ಧ ಮಾತು ಸಿಕ್ಕರೆ ಉಳಿದರ್ಧವನ್ನು ದನಿ, ತಾಳ ಸೇರಿ ತುಂಬಿಕೊಡುತ್ತವೆ. ಆದರೆ ಕಾಲು ಭಾಗವೂ ಸಿಗದಿದ್ದರೆ ಬೇಗ ಸುಸ್ತಾಗುತ್ತದೆ. ನಮ್ಮ ಭಾವನಿಗೆ ಪಂಜಾಬಿಯಲ್ಲಿ ಆದದ್ದು ಅದೇ.

ಎರಡನೆಯದು: ಎಲ್ಲಿ ಕೇಳುತ್ತೀರಿ? ಕಾರಿನಲ್ಲಿ ಕೇಳುವ ಆಲ್ಬಂ ಬೇರೆ, ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳುವ ಆಲ್ಬಂ ಬೇರೆ. ಮನೆಯ ಸ್ಪೀಕರ್‌ನಲ್ಲಿ ಹಾಕುವವರು ಇನ್ನೂ ಹುಷಾರಾಗಿರಬೇಕು. ಇಲ್ಲಿರುವ ಬಹಳಷ್ಟು ಹಾಡುಗಳಲ್ಲಿ ಬೈಗುಳ ಇದೆ. ಅಮ್ಮ ದೇವರ ಕೋಣೆಯಲ್ಲಿದ್ದಾಗ ಪರೀಕ್ಷೆ ಮಾಡಬೇಡಿ.

ತಮಿಳು ಸ್ವಲ್ಪವಾದರೂ ಬಂದರೆ: 'ತೆರುಕ್ಕುರಲ್'

ನನ್ನ ಕೇಳಿದರೆ, ಕನ್ನಡದ ಕಿವಿಗೆ ಅತಿ ಹತ್ತಿರದ ಆಲ್ಬಂ ಹಿಂದಿಯದಲ್ಲ. ಅರಿವು ಮತ್ತು ಆಫ್‌ರೋ ಸೇರಿ 2019ರಲ್ಲಿ ತಂದ ಈ ತಮಿಳು ಆಲ್ಬಂ. ಹಾಡುಗಾರನ ಹೆಸರೇ ನೋಡಿ, ಅರಿವು. ತಮಿಳಿನಲ್ಲೂ ಅದೇ ಅರ್ಥ, ನಮ್ಮಲ್ಲೂ ಅದೇ. ಆಲ್ಬಂನ ಹೆಸರಿನಲ್ಲೊಂದು ಚೇಷ್ಟೆ ಇದೆ. ತಿರುಕ್ಕುರಳ್ ಎಲ್ಲರಿಗೂ ಗೊತ್ತಿರುವ ಗ್ರಂಥ. ಇವರು 'ತಿರು' ತೆಗೆದು 'ತೆರು' ಇಟ್ಟರು. ತೆರು ಅಂದರೆ ಬೀದಿ. ಕುರಲ್ ಅಂದರೆ ದನಿ, ನಮ್ಮ 'ಕೊರಳು' ಪದದ ಅಕ್ಕತಂಗಿ. ಪೂಜ್ಯ ಗ್ರಂಥ ಬೀದಿಯ ಕೊರಳಾಯಿತು. ಇಷ್ಟು ಅರ್ಥವಾದರೆ ಆಲ್ಬಂನ ಅರ್ಧ ಬಾಗಿಲು ತೆರೆದಂತೆ.

ಅರಿವು ಬಂದದ್ದು ಅರಕ್ಕೋಣಂನಿಂದ. ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋದವರು ಆ ಜಂಕ್ಷನ್ ದಾಟಿಯೇ ದಾಟಿರುತ್ತೀರಿ. ಈ ಆಲ್ಬಂಗೆ ಮೊದಲು ಅವರು 'ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡದಲ್ಲಿ ಹಾಡುತ್ತಿದ್ದರು. ಸಿನಿಮಾ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ ತಂಡ ಅದು. 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಕಛೇರಿ. ಚೆನ್ನೈನ ಕೇರಿಗಳ ಗಾನಾ ಹಾಡು, ಪರೈ ವಾದ್ಯ, ರ‍್ಯಾಪ್ ಮೂರೂ ಒಂದೇ ವೇದಿಕೆಯಲ್ಲಿ. ತಂಡದ ಹೆಸರು ತಮಿಳು ದಲಿತ ಚಿಂತಕ ಅಯೋತಿ ದಾಸರ್ ಬಳಸುತ್ತಿದ್ದ 'ಜಾತಿಯಿಲ್ಲದ ತಮಿಳರು' ಎಂಬ ಮಾತಿನಿಂದ ಬಂದದ್ದು.

ಈ ಪರೈ ಕೂಡ ನಮಗೆ ಹೊಸದಲ್ಲ. ಕನ್ನಡದಲ್ಲಿ ಪಕಾರ ಹಕಾರವಾಗಿ 'ಹರೆ' ಅಂತ ಉಳಿದುಕೊಂಡಿದೆ. ತಮಟೆ, ಹಲಗೆ ಕೇಳಿ ಬೆಳೆದವರಿಗೆ ಆ ಪೆಟ್ಟು ಗೊತ್ತು. ಸಾವಿಗೂ ಅದೇ, ಜಾತ್ರೆಗೂ ಅದೇ. ಬಾರಿಸುವವರನ್ನು ಮಾತ್ರ ಊರು ಹೊರಗಿಟ್ಟಿತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಯ ಹಾಡುಗಳನ್ನು ಕೇಳಿದವರಿಗೆ ಅರಿವು ಎಲ್ಲಿಂದ ಮಾತಾಡುತ್ತಿದ್ದಾರೆ ಅಂತ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಜಾತಿ, ನೆಲ, ಹಸಿವು, ಪೊಲೀಸು. 'ಆ್ಯಂಟಿ ಇಂಡಿಯನ್' ಅಂತ ಹಣೆಪಟ್ಟಿ ಕಟ್ಟುವವರಿಗೆ ಅದೇ ಹೆಸರಿನ ಹಾಡಿನಲ್ಲಿ ತಿರುಗಿ ಉತ್ತರ ಕೊಡುತ್ತಾರೆ.

ತಮಿಳು ಓದಲು ಬರದಿದ್ದರೂ ಊರ್, ಮಣ್, ಕಾಲ್, ಕೈ ಅನ್ನುವ ಪದಗಳು ಒಂದೊಂದಾಗಿ ಕಿವಿಗೆ ಬಡಿಯುತ್ತವೆ. ಗೆಳತಿಗೆ ಇದನ್ನು ಕೊಟ್ಟೆ. ಹಲಸೂರಿನ ಓಣಿಯಲ್ಲಿ ಕಲಿತ ತಮಿಳು ಅವಳದು. ಮಾರನೇ ದಿನ ಕಾಫಿಗೆ ಹೋದಾಗ ನನಗೇ ಸಾಲು ಸಾಲಾಗಿ ಬಿಡಿಸಿ ಹೇಳಿದಳು. ನಾನು ಎರಡು ವರ್ಷದಿಂದ ತಪ್ಪಾಗಿ ತಿಳಿದುಕೊಂಡಿದ್ದ ಮೂರು ಸಾಲು ಅವತ್ತು ಸರಿಯಾದವು.

ಕೊರತೆ ಇಲ್ಲ ಅಂತಲ್ಲ. ಕೆಲವು ಕಡೆ ಹಾಡು ಭಾಷಣದ ಅಂಚಿಗೆ ಹೋಗುತ್ತದೆ. ಸುಮ್ನೆ ತಲೆ ಆಡಿಸುತ್ತಾ ಕೇಳುವವರಿಗೆ ಇದು ಭಾರ ಅನ್ನಿಸಬಹುದು. ಅಂಥವರು ಅರಿವು 2024ರಲ್ಲಿ ತಂದ 'ವಳ್ಳಿಯಮ್ಮಾ ಪೇರಾಂಡಿ' ಮೊದಲು ಕೇಳಲಿ. ವಳ್ಳಿಯಮ್ಮಾಳ್ ಅಂದರೆ ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದಿದ್ದ ಅವರ ಅಜ್ಜಿ. 2021ರ 'ಎಂಜಾಯ್ ಎಂಜಾಮಿ' ಹಾಡಿನಲ್ಲಿ ಬರುವವರೂ ಅವರೇ. ಆ ಆಲ್ಬಂನಲ್ಲಿ ಸಿಟ್ಟಿಗಿಂತ ಹಾಡು ಜಾಸ್ತಿ. ನನಗೆ ಮಾತ್ರ ಸಿಟ್ಟಿನದೇ ಇಷ್ಟ.

ದೆಹಲಿಯಲ್ಲಿ ಎರಡು ದಾರಿ: 'ಕ್ಲಾಸ್-ಸಿಖ್' ಅಥವಾ 'ಬಯಾನ್'

ಇವೆರಡನ್ನು ಹೋಲಿಸುವುದು ಮಜವಾದ ಕೆಲಸ. ಎರಡಕ್ಕೂ ಬೀಟ್, ಅಂದರೆ ಮಾತಿನ ಹಿಂದೆ ಓಡುವ ತಾಳ-ಸಂಗೀತ, ಮಾಡಿದವರು ಒಬ್ಬರೇ, ಸೆಝ್ ಆನ್ ದ ಬೀಟ್. ಎರಡನ್ನೂ ತಂದ ಕಂಪನಿ ಒಂದೇ, ದೆಹಲಿಯಲ್ಲಿ 2017ರಲ್ಲಿ ಶುರುವಾದ ಆಜಾದಿ ರೆಕಾರ್ಡ್ಸ್. ನಡುವೆ ಒಂದು ವರ್ಷದ ಅಂತರ. ಆದರೂ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ.

'ಕ್ಲಾಸ್-ಸಿಖ್' ಬಂದದ್ದು 2017ರ ಅಕ್ಟೋಬರ್‌ನಲ್ಲಿ. ಪ್ರಭ್ ದೀಪ್ ಪಶ್ಚಿಮ ದೆಹಲಿಯ ತಿಲಕ್ ನಗರದವರು. 1984ರ ಸಿಖ್ ಹತ್ಯಾಕಾಂಡದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರಿಗೆ ಮನೆ ಕೊಟ್ಟ ಕಾಲೊನಿ ಅಲ್ಲೇ ಹತ್ತಿರದಲ್ಲಿದೆ. ಆ ಸುತ್ತಿನಲ್ಲಿ ಬೆಳೆದ ಹುಡುಗರ ಕಥೆ ಇದು. ನಶೆ, ದುಡ್ಡಿಲ್ಲದ ಮನೆ, ಬೇಗ ಹೋದ ಗೆಳೆಯರು. ಪಂಜಾಬಿ ಹಾಡು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಾರು, ಮದುವೆ, ಭಾಂಗ್ರಾ ಅಲ್ವಾ? ಇಲ್ಲಿ ಅದ್ಯಾವುದೂ ಇಲ್ಲ. ಪ್ರಭ್ ದೀಪ್ ಕೂಗುವುದಿಲ್ಲ. ಜಗಲಿಯ ಮೇಲೆ ಕೂತು ತಗ್ಗಿದ ದನಿಯಲ್ಲಿ, ನಡುನಡುವೆ ನಿಲ್ಲಿಸಿ, ಹೇಳಬೇಕೋ ಬೇಡವೋ ಅಂತ ಯೋಚಿಸಿ ಹೇಳುತ್ತಾರೆ. ಬೀಟ್ ಕೂಡ ಜಾಗ ಬಿಟ್ಟುಕೊಂಡು ಬರುತ್ತದೆ. ಇದಕ್ಕೆ ರಾತ್ರಿ ಬೇಕು, ಒಬ್ಬರೇ ಇರಬೇಕು, ಪಕ್ಕದಲ್ಲಿ ಸಾಹಿತ್ಯದ ಅನುವಾದ ತೆರೆದಿದ್ದರೆ ಇನ್ನೂ ಒಳ್ಳೆಯದು. ಟ್ರಾಫಿಕ್‌ನಲ್ಲಿ ಕೇಳಿ ಬೋರು ಅಂದರೆ ಅದು ಆಲ್ಬಂನ ತಪ್ಪಲ್ಲ. ನನ್ನ ಮೂವರಿಗೂ ನಾನು ಹೇಳದೇ ಬಿಟ್ಟ ಮಾತು ಇದೇ.

'ಬಯಾನ್' 2018ರದು. ಸೀಧೇ ಮೌತ್ ಅನ್ನುವ ಇಬ್ಬರ ಜೋಡಿ, ಎನ್‌ಕೋರ್ ಎಬಿಜೆ ಮತ್ತು ಕಾಮ್. ಹೆಸರಿನ ಅರ್ಥ 'ನೇರ ಸಾವು'. ಹೆಸರಿಗೆ ತಕ್ಕ ಹಾಗೆ ಮುಖಕ್ಕೆ ಹೊಡೆದಂತೆ ಹಾಡುತ್ತಾರೆ. ಒಬ್ಬರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಎತ್ತಿಕೊಂಡಿರುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳ ಕೇಳಿದವರಿಗೆ ಈ ಸವಾಲು-ಜವಾಬಿನ ಚುರುಕು ಪರಿಚಿತ. ಅಲ್ಲಿ ಎದುರಾಳಿಗಳು, ಇಲ್ಲಿ ಜೊತೆಗಾರರು ಅನ್ನುವ ವ್ಯತ್ಯಾಸ ಇದೆ. ಭಾಷೆ ಹಿಂದಿ. ಟಿವಿ ಹಿಂದಿ ಅಂತ ತಿಳಿದು ಹೋದರೆ ಮೊದಲ ಸಲ ಏನೂ ಸಿಗುವುದಿಲ್ಲ, ವೇಗ ಅಷ್ಟು. ಎರಡನೇ ಸಲ ಕೇಳಿದಾಗ ಪದಗಳ ಆಟ ಕಾಣುತ್ತದೆ, ಮೂರನೇ ಸಲ ನಗು ಬರುತ್ತದೆ.

ಕಥೆ ಬೇಕಿದ್ದರೆ 'ಕ್ಲಾಸ್-ಸಿಖ್', ನಾಲಿಗೆಯ ಕಸರತ್ತು ಬೇಕಿದ್ದರೆ 'ಬಯಾನ್'. ಬಸ್ಸಿನ ಪ್ರಯಾಣಕ್ಕೂ 'ಬಯಾನ್' ವಾಸಿ. ಇದೇ ಜೋಡಿಯ 2023ರ 'ಲಂಚ್ ಬ್ರೇಕ್' ಇನ್ನೊಂದು ಥರ. ಅದರಲ್ಲಿ 30 ಹಾಡಿವೆ. ಬುತ್ತಿ ಬಿಚ್ಚಿ ಎಲ್ಲರೂ ಕೈ ಹಾಕಿದಂತೆ ಬೇರೆ ಬೇರೆ ಹಾಡುಗಾರರು ಬಂದು ಹೋಗುತ್ತಾರೆ. ಶುರುವಿಗೆ ಅದು ಬೇಡ, ಅಜೀರ್ಣ ಆಗುತ್ತದೆ.

ಮುಂಬೈ-ಪುಣೆ: 'ಕೋಹಿನೂರ್' ಮತ್ತು 'ತಡೀಪಾರ್'

ಸಿನಿಮಾ ಹಾಡಿನಿಂದ ಬರುವವರಿಗೆ ಅತಿ ಸುಲಭದ ಮೆಟ್ಟಿಲು ಡಿವೈನ್ ಅವರ 'ಕೋಹಿನೂರ್'. ಡಿವೈನ್ ಅಂದರೆ ಅಂಧೇರಿಯ ವಿವಿಯನ್ ಫರ್ನಾಂಡಿಸ್. ಶಾಲೆಯ ಗೆಳೆಯನೊಬ್ಬ ಹಾಕಿಕೊಂಡು ಬಂದ ಅಮೆರಿಕದ ರ‍್ಯಾಪರ್ '50 ಸೆಂಟ್' ಚಿತ್ರದ ಟಿ-ಶರ್ಟ್ ನೋಡಿ ಹಿಪ್-ಹಾಪ್ ಕಡೆ ತಿರುಗಿದ ಹುಡುಗ. 2015ರಲ್ಲಿ ಮುಂಬೈನ ಇನ್ನೊಬ್ಬ ರ‍್ಯಾಪರ್ ನೇಝಿ ಜೊತೆ ಹಾಡಿದ 'ಮೇರೇ ಗಲ್ಲಿ ಮೇಂ' ಮುಂಬೈ ರ‍್ಯಾಪನ್ನು ಎಲ್ಲರ ಬಾಯಿಗೆ ತಂದಿತು. ಅದರ ಬೀಟ್ ಕೂಡ ಸೆಝ್ ಅವರದೇ. 2019ರ ಫೆಬ್ರವರಿಯಲ್ಲಿ ಇವರಿಬ್ಬರ ಬದುಕಿನಿಂದ ಪ್ರೇರಣೆ ಪಡೆದ ಹಿಂದಿ ಸಿನಿಮಾ 'ಗಲ್ಲಿ ಬಾಯ್' ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಕೋಹಿನೂರ್'. ಚಿಕ್ಕ ಆಲ್ಬಂ, ದೊಡ್ಡ ಸದ್ದು. 'ಚಲ್ ಬಾಂಬೆ'ಯ ಹಿಂದಿ ಯಾರಿಗೂ ಕಷ್ಟವಲ್ಲ.

ನನ್ನ ತಕರಾರು ಒಂದೇ. ಇಲ್ಲಿ ಗಲ್ಲಿಯಿಂದ ಹೊರಟವನು ಆಗಲೇ ದೊಡ್ಡ ವೇದಿಕೆ ಹತ್ತಿಬಿಟ್ಟಿದ್ದಾನೆ. ಗೆದ್ದವನ ದನಿ ಜಾಸ್ತಿ, ಗಲ್ಲಿಯ ಸದ್ದು ಕಡಿಮೆ. ಮರುವರ್ಷದ 'ಪುಣ್ಯ ಪಾಪ್' ಇದಕ್ಕಿಂತ ಒಳಮುಖ. ಆದರೂ ಶುರು ಮಾಡುವವರಿಗೆ 'ಕೋಹಿನೂರ್' ಎನ್ನುತ್ತೇನೆ. ಕಾರಿನಲ್ಲಿ ಹಾಕಿದರೆ ಹಿಂದಿನ ಸೀಟಿನವರೂ ದೂರುವುದಿಲ್ಲ.

ಪುಣೆಯ ಎಂಸಿ ಸ್ಟ್ಯಾನ್ ಬೇರೆಯೇ ಪ್ರಾಣಿ. ಪುಣೆ ರೈಲ್ವೆ ಸ್ಟೇಷನ್ ಹತ್ತಿರದ ತಾಡಿವಾಲಾ ರೋಡಿನ ಬಸ್ತಿಯಲ್ಲಿ ಬೆಳೆದವರು. 2020ರ ಆಲ್ಬಂನ ಹೆಸರು 'ತಡೀಪಾರ್'. ಈ ಪದ ಕೇಳಿದ ಕೂಡಲೇ ನನಗೆ ನಮ್ಮ ಪತ್ರಿಕೆಗಳ 'ಗಡಿಪಾರು' ನೆನಪಾಯಿತು. ಅದೇ ಪೊಲೀಸ್ ಕ್ರಮ, ರೌಡಿ ಪಟ್ಟಿಯಲ್ಲಿ ಇರುವವರನ್ನು ಜಿಲ್ಲೆಯಿಂದ ಆಚೆ ಹಾಕುವುದು. ಊರಿನಿಂದ ಹೊರಹಾಕಬೇಕಾದವನು ಅಂತ ತನ್ನನ್ನೇ ಕರೆದುಕೊಂಡು ಊರಿನ ಎದೆಯ ಮೇಲೆ ಕೂತು ಹಾಡುವುದರಲ್ಲಿ ಒಂದು ಸೊಕ್ಕಿದೆ. ಕೇಳಲು ಅದೇ ಚೆಂದ.

ಹುಬ್ಬಳ್ಳಿ, ಬೀದರ್, ಕಲಬುರಗಿ ಕಡೆಯವರಿಗೆ ಈ ಆಲ್ಬಂನಲ್ಲಿ ಇನ್ನೊಂದು ಲಾಭ ಇದೆ. ಸ್ಟ್ಯಾನ್ ಅವರದು ಮರಾಠಿ ಬೆರೆತ ಬಸ್ತಿಯ ಹಿಂದಿ. ನಮ್ಮ ಪೇಟೆಗಳಲ್ಲಿ ಕೇಳುವ ದಖನಿಯ ಪಕ್ಕದ ಮನೆ. ಮಾತುಮಾತಿಗೆ ಅವರು ಹೇಳುವ 'ಹಕ್ ಸೇ'ಯಲ್ಲಿರುವುದು ನಮ್ಮ 'ಹಕ್ಕು' ಪದವೇ. ತಮ್ಮನಿಗೆ ಇದನ್ನು ಕಳಿಸಿದೆ. "ಅಣ್ಣಾ, ಇವ ನಮ್ಮ ದುರ್ಗದಬೈಲ್‌ನಾಗ ನಿಂತು ಮಾತಾಡಿದಂಗ ಮಾತಾಡ್ತಾನಲ್ಲ" ಅಂತ ಫೋನ್ ಮಾಡಿದ. ಹುಬ್ಬಳ್ಳಿಗೆ ಹೋಗಿ ನಾಲ್ಕು ವರ್ಷವಾಯಿತು, ಭಾಷೆ ಪೂರ್ತಿ ಬದಲಾಗಿದೆ ಅವನದು.

ಆದರೆ ಒಂದು ಮಾತು ಮುಚ್ಚಿಡಬಾರದು. ಹೆಣ್ಣಿನ ಬಗ್ಗೆ ಈ ಹಾಡುಗಳು ಆಡುವ ಮಾತು ಕೆಲವು ಕಡೆ ಕೇಳಲಾಗುವುದಿಲ್ಲ. ಆ ಟೀಕೆ ಮೊದಲಿಂದಲೂ ಇದೆ, ನ್ಯಾಯವಾಗಿಯೇ ಇದೆ. 2023ರಲ್ಲಿ ಹಿಂದಿ ಬಿಗ್ ಬಾಸ್‌ನ 16ನೇ ಸೀಸನ್ ಗೆದ್ದ ಮೇಲೆ ಮನೆಮಾತಾದರು ಅಂತ ಮನೆಯವರ ಜೊತೆ ಕೂತು ಕೇಳಲು ಹೋಗಬೇಡಿ. ಆಟೋಟ್ಯೂನ್, ಅಂದರೆ ಸಾಫ್ಟ್‌ವೇರ್‌ನಲ್ಲಿ ತಿದ್ದಿದ ದನಿ, ಕೇಳಿದರೆ ತಲೆನೋವು ಬರುವವರು ಕೂಡ ಇದನ್ನು ದಾಟಿಕೊಂಡು ಹೋಗಿ.

ಶ್ರೀನಗರದ 'ಲಿಟಲ್ ಕಿಡ್, ಬಿಗ್ ಡ್ರೀಮ್ಸ್'

ಇದನ್ನು ಯಾರಿಗೂ ಮೊದಲನೆಯದಾಗಿ ಕೊಡುವುದಿಲ್ಲ. ಕೊನೆಗೆ ಕೊಟ್ಟೇ ಕೊಡುತ್ತೇನೆ. ಅಹಮರ್ ಅವರ ಈ ಆಲ್ಬಂ 2019ರಲ್ಲಿ ಬಂತು, ಇದೂ ಆಜಾದಿ ರೆಕಾರ್ಡ್ಸ್‌ನದೇ. ಕಾಶ್ಮೀರಿ ಭಾಷೆ ನಮಗೆ ಹತ್ತು ಪೈಸೆಯೂ ಸಿಗುವುದಿಲ್ಲ. ಆಗಾಗ ಬರುವ ಉರ್ದು ಮಾತೇ ಹಿಡಿಗೋಲು. ಅದೇ ವರ್ಷ ಆಗಸ್ಟ್ 5ರಿಂದ ಕಣಿವೆಯಲ್ಲಿ ಫೋನು, ಇಂಟರ್ನೆಟ್ ಎಲ್ಲ ಕಟ್ಟಾಯಿತು. ಮೊಬೈಲ್‌ಗೆ 4ಜಿ ವಾಪಸ್ ಬಂದದ್ದು 2021ರ ಫೆಬ್ರವರಿಯಲ್ಲಿ. ಹಾಡು ಹಂಚಲು ಇಂಟರ್ನೆಟ್ ಬಿಟ್ಟು ಬೇರೆ ದಾರಿ ಇಲ್ಲದ ಹುಡುಗರ ಪಾಡು ಇದರಲ್ಲೇ ತಿಳಿಯುತ್ತದೆ. ಇದು ತಿಳಿದ ಮೇಲೆ ಆ ಹೆಸರಿನ 'ಪುಟ್ಟ ಹುಡುಗ, ದೊಡ್ಡ ಕನಸು' ಬೇರೆಯೇ ಥರ ಕೇಳಿಸಿತು ನನಗೆ. ದೆಹಲಿಯ ಎರಡನ್ನೂ ಮುಗಿಸಿದವರು ಇಲ್ಲಿಗೆ ಬನ್ನಿ.

ಮಾತಿಗಿಂತ ತಾಳ ಮುಖ್ಯ ಅನ್ನುವವರಿಗೆ: 'ಮಾನ್ಸೂನ್ ಸೀಸನ್'

ಈಗ ಶುರು ಮಾಡಿದಲ್ಲಿಗೇ ಬಂದೆ. ಹನುಮಾನ್‌ಕೈಂಡ್, ಅಂದರೆ ಸೂರಜ್ ಚೆರುಕಾಟ್. ಕೇರಳದ ಮಲಪ್ಪುರಂ ಮೂಲ, ಬೆಳೆದದ್ದು ಅಮೆರಿಕದ ಹ್ಯೂಸ್ಟನ್, ಹಾಡುಗಾರನಾದದ್ದು ಬೆಂಗಳೂರಿನಲ್ಲಿ. ಇಲ್ಲಿ ಕಂಪನಿ ಕೆಲಸ ಮಾಡುತ್ತಲೇ ಹಾಡಿಗೆ ಇಳಿದವರು. ಕಲ್ಮಿ ಬೀಟ್ ಮಾಡಿದ 'ಬಿಗ್ ಡಾಗ್ಸ್' ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಜಾಗದವರೆಗೆ ಹೋಯಿತು. 2025ರ ಜುಲೈನಲ್ಲಿ ಬಂದದ್ದು 'ಮಾನ್ಸೂನ್ ಸೀಸನ್'.

ಇದನ್ನು ಪ್ರಾದೇಶಿಕ ರ‍್ಯಾಪ್ ಅನ್ನಬಹುದಾ? ಗೆಳತಿ ಒಪ್ಪುವುದಿಲ್ಲ. "ಇಂಗ್ಲಿಷ್‌ನಲ್ಲಿ ಹಾಡಿದ ಮೇಲೆ ಯಾವ ಪ್ರದೇಶ?" ಎನ್ನುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ಅರಿವು ಅವರ ಊರು ಮಾತಿನಲ್ಲಿದೆ, ಇವರ ಊರು ಸದ್ದಿನಲ್ಲಿದೆ. 'ರನ್ ಇಟ್ ಅಪ್' ಹಾಡಿನ ಚಂಡೆ ಕೇಳಿ. ಮಂಗಳೂರು, ಉಡುಪಿ ಕಡೆಯವರಿಗೆ ಆ ಪೆಟ್ಟು ಬೀಳುತ್ತಿದ್ದ ಹಾಗೇ ರಂಗಸ್ಥಳ ನೆನಪಾಗುತ್ತದೆ. ಮೇಲೆ ಹ್ಯೂಸ್ಟನ್ನಿನ ಎಳೆದ ಇಂಗ್ಲಿಷ್, ಕೆಳಗೆ ಮಲಬಾರಿನ ತಾಳ. ಬಾಲ್ಯ ಎರಡು ಕಡೆ ಹಂಚಿಹೋದವನ ಊರು ಹಾಗೇ ತಾನೇ ಇರುತ್ತದೆ? ವಿದೇಶದಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ ಅಂತ ನನ್ನ ಅಂದಾಜು. ಪೂರ್ತಿ ಆಲ್ಬಂ ಆಗಿ ಮಾತ್ರ ಇದು ಉಳಿದವುಗಳಷ್ಟು ಬಿಗಿ ಇಲ್ಲ. ಆ ಒಂದು ಹಾಡಿನ ಗುಂಗಿನಲ್ಲಿ ಹೋದವರಿಗೆ ನಡುವೆ ಸ್ವಲ್ಪ ಸಪ್ಪೆ ಅನ್ನಿಸಬಹುದು.

ಗೊಂದಲ ಇನ್ನೂ ಉಳಿದಿದ್ದರೆ ಹೀಗೆ ಮಾಡಿ. ತಮಿಳು ಕಿವಿಗೆ ಬಿದ್ದು ಬೆಳೆದಿದ್ದರೆ ಬೇರೇನೂ ನೋಡದೆ 'ತೆರುಕ್ಕುರಲ್'. ಸಿನಿಮಾ ಹಿಂದಿ ಮಾತ್ರ ಗೊತ್ತಿದ್ದರೆ 'ಕೋಹಿನೂರ್', ಅದು ಸಪ್ಪೆ ಅನ್ನಿಸಿದರೆ 'ಬಯಾನ್'. ದಖನಿ ಗೊತ್ತಿದ್ದು, ಬೈಗುಳಕ್ಕೆ ಅಂಜದವರು 'ತಡೀಪಾರ್'. 'ಕ್ಲಾಸ್-ಸಿಖ್' ಅನ್ನು ಮೂರನೆಯದಾಗಿ ಇಟ್ಟುಕೊಳ್ಳಿ, ಮಳೆಯ ರಾತ್ರಿಗೆ. ಯಾವುದನ್ನೇ ಆದರೂ ಹಾಡುಗಳ ಕ್ರಮ ತಪ್ಪಿಸದೆ ಒಮ್ಮೆ ಕೇಳಿ. ಆ್ಯಪ್ ತಾನಾಗಿ ಹಿಂದುಮುಂದು ಮಾಡಿ ಬಡಿಸುವ ಚಾಳಿ ಇದೆಯಲ್ಲ, ಅದನ್ನು ಮೊದಲು ಆಫ್ ಮಾಡಿ.

ಭಾವನಿಗೆ ಏನು ಕೊಟ್ಟೆ ಅಂತ ಹೇಳಲಿಲ್ಲ ಅಲ್ವಾ? 'ಕೋಹಿನೂರ್' ಕೊಟ್ಟೆ. ಮೈಸೂರು ದಾರಿಯಲ್ಲಿ ಬಿಡದಿ ದಾಟುವವರೆಗೂ ಜೋರಾಗಿಯೇ ಹಾಡಿತಂತೆ. ಆಮೇಲೆ ಅಕ್ಕ ಎದ್ದಳು. ಅಲ್ಲಿಂದ ಮುಂದೆ ಮೈಸೂರಿನವರೆಗೆ ಹಳೇ ಭಾವಗೀತೆ.